ಆರು ಬಿದ್ದಾಗ ನೋಡೂಣ

ಇಸ್ತಾಂಬುಲ್‌ಗೆ ಹೊಂಟಿದ್ದಿವಿ ನಾವಿಬ್ಬರು ನೆಗೆಣ್ಣಿಯರು.
ಮೂರು ವರ್ಷ ಭಿಶಿ ತುಂಬಿ,
ಪಾಸ್‌ಪೋರ್ಟಿನ ಫೋಟೋಕ್ಕ ಕಿವಿ ಕಾಣೂಹಂಗ ತುರುಬು ಬಿಗಿದು,
ನಗಬ್ಯಾಡ್ರಿ ಅಂದಾಗ ನಕ್ಕು,
ಮತ್ತೊಮ್ಮೆ ತೆಗಿಸಿಕೊಂಡು.

ಅಷ್ಟರಾಗ ಅತ್ತಿ ಬಚ್ಚಲದಾಗ ಜಾರಿದರು.
ಟೊಂಕದ ಎಲುಬು ಮುರೀತು, ಅದರ ಬೆನ್ನಿಗೆ ಭಿಶಿ ಮುರೀತು.
ಇಸ್ತಾಂಬುಲ್ ಒಂದು ಸ್ಟೀಲಿನ ಮೊಳಿಯಾಗಿ
ಅವರ ಸೊಂಟದಾಗ ಕುಂತಿತು.
"ನಿಮ್ಮ ವಿಮಾನ ನನ್ನೊಳಗ ಐತೆವ್ವಾ," ಅಂತಾರ ವಾಕರ್ ಹಿಡಕೊಂಡು;
ನಗತೀವಿ. ನಗೂದು ಮುಗಿದ ಮ್ಯಾಲ
ಒಬ್ಬರ ಮಾರಿ ಒಬ್ಬರು ನೋಡೂದಿಲ್ಲ.
ಪಾಸ್‌ಪೋರ್ಟು ಕಪಾಟಿನಾಗ
ಡಾಂಬರಗುಳಿಗಿ ಕೂಡ ಮಲಗ್ಯಾವ.

ಒಂದು ರವಿವಾರ ಮಹಾನಂದಾ
ತನ್ನ ಮೊಮ್ಮಗನ ಲುಡೋ ಡಬ್ಬಿಯಿಂದ ದಾಳ ಕದ್ದಳು.
ಸ್ಕೂಟಿಯ ಕೀಲಿ ನನ್ನ ಕೈಗೆ ಹಾಕಿ ಕಾನೂನು ಹೇಳಿದಳು:
ಒಂದು ಬಿದ್ದರ ಎಡಕ್ಕ, ಎರಡು ಬಿದ್ದರ ಬಲಕ್ಕ, ಮೂರಕ್ಕ ನೆಟ್ಟಗ,
ನಾಕು ಬಿದ್ದರ ಮೊದಲು ಸಿಕ್ಕವರನ್ನ ಮಾತಾಡಸಬೇಕು,
ಐದಕ್ಕ ಗಾಡಿ ಬಿಟ್ಟು ನಡೀಬೇಕು.
ಆರಕ್ಕ?
"ಆರು ಬಿದ್ದಾಗ ನೋಡೂಣ."
ಒಳಗ ವಾಕರಿನ ಸಪ್ಪಳ ನಿಂತಿತ್ತು.

ಮೂವತ್ತೊಂದು ವರ್ಷ ಆತು ನಾ ವಿಜಯಪುರಕ್ಕ ಸೊಸಿಯಾಗಿ ಬಂದು.
ಮನಿ, ಬ್ಯಾಂಕು, ಕಿರಾಣಿ, ದವಾಖಾನಿ, ಸಿದ್ಧೇಶ್ವರ ಗುಡಿ:
ನನ್ನ ಊರು ಅಂದ್ರ ಐದು ಚುಕ್ಕಿ.
ಗೋಳಗುಮ್ಮಟ ಬೀಗರು ಬಂದಾಗ ತೋರಸಾಕ ಇಟ್ಟದ್ದು,
ಶೋಕೇಸಿನ ಕಪ್ಪು-ಬಸಿ ಇದ್ದಹಂಗ.

ಗಾಂಧಿ ಚೌಕದಾಗ ಸೀಟಿನ ಮ್ಯಾಲ ದಾಳ ಉಳ್ಳಿಸಿದಿವಿ.
ಪೊಲೀಸಪ್ಪ ದಿಟ್ಟಿಸಿದ. ಎರಡು. ಮತ್ತ ಎರಡು. ಒಂದು.
ಜೋರಾಪುರ ಪೇಟೆಯ ಬೆನ್ನಿಗೆ ಇಂಥಾ ಓಣಿ ಐತೆಂದು ಯಾರಿಗೆ ಗೊತ್ತಿತ್ತು,
ಗಾಡಿ ಹೊಳ್ಳಿಸಾಕ ಜಾಗಿಲ್ಲ,
ಒಂದು ಮನಿಯ ಒಗ್ಗರಣಿಗೆ ಎದುರು ಮನಿಯವರು ಸೀನತಾರ.

ಅಲ್ಲೇ ಬಿತ್ತು ನಾಕು.
ಮಾಳಿಗಿ ಮ್ಯಾಲ ಪಾರಿವಾಳಕ್ಕ ಜೋಳ ಚೆಲ್ಲತಿದ್ದ ಖತಾಲಸಾಬ ಬಾಗವಾನ.
ಏನ್ ಮಾತಾಡಸೂದು? "ಯಪ್ಪಾ, ಎಷ್ಟದಾವ?" ಅಂದೆ.
"ನಂದು ಇಪ್ಪತ್ತೆರಡು. ಆ ಕಂದು ಕೊಳ್ಳಿನದು ಸೊಲ್ಲಾಪುರದ್ದು.
ದಾರಿ ತಪ್ಪಿ ಬಂತು. ಹಾರಿಸಿಬಿಟ್ಟೆ, ತಿರುಗಿ ಬಂತು,
ಮತ್ತ ಬಿಟ್ಟೆ, ಮತ್ತ ಬಂತು. ಇರ್ಲಿ ಬಿಡ್ರಿ,
ಜೋಳ ತಿನ್ನೂವಾಗ ಊರು ಕೇಳತಾರೇನ್ರಿ?"
ಹಸಿ ಶುಂಠಿ ಚಹಾ ತಂದ ಅವನ ಸೊಸಿ ಕೇಳಿದಳು,
"ಎಲ್ಲಿಂದ ಬಂದ್ರಿ?"
ಸ್ಟೇಶನ್ ರೋಡಿನಿಂದ ಅನ್ನಾಕ ನಾಚಿಕಿ ಬಂದು
"ಭಾಳ ದೂರದಿಂದ" ಅಂದಳು ಮಹಾನಂದಾ.

ಐದು ಬಿದ್ದದ್ದು ತೊರವಿ ರಸ್ತಾದಾಗ, ಬಿಸಲು ನೆತ್ತಿಗೆ ಬಂದಾಗ.
ಜಾಲಿಕಂಟಿ ಸೀರಿ ಹಿಡಕೊಂಡು ನಿಂದರಿಸಿತು, ಬಿಡಿಸಿಕೊಂಡಿವಿ.
ಆಡು ಕಾಯೂ ಹುಡುಗ ತೋರಿಸಿದ ನೆಲದಾಗಿನ ಒಂದು ಬಾಯಿ:
"ಸುರಂಗ ಐತ್ರಿ. ಬಾದಶಾಹನ ಕಾಲಕ್ಕ ನೀರು ಇದರಾಗ
ಊರಿಗೆ ನಡಕೊಂತ ಹೋಗತಿತ್ತಂತ."
ಹೊಟ್ಟಿಮ್ಯಾಲ ಮಲಗಿದಿವಿ ಇಬ್ಬರೂ,
ಐವತ್ತು ದಾಟಿದ ಹೆಂಗಸರು, ಮಣ್ಣಾಗ, ಕುತ್ತಿಗಿ ಚಾಚಿ.
ಮಾರಿಗೆ ಬಡೀತು ತಂಪು.
ಬಾವಲಿ, ಹಸಿ ಗಚ್ಚು, ಯಾವದೋ ಕಾಲದ ರಾತ್ರಿಯ ವಾಸನಿ.
ಬೆನ್ನಮ್ಯಾಲ ಮೇ ತಿಂಗಳು,
ಗದ್ದದ ಕೆಳಗ ನಕಾಶೆದಾಗಿಲ್ಲದ ಒಂದು ದೇಶದ ಹವಾ.
ವಟಗುಟ್ಟೂ ಮಹಾನಂದಾಗೂ ಮಾತು ಬರಲಿಲ್ಲ.

ಆಗ ಆಕಿ ಕುಪ್ಪಸದಿಂದ ಜಾರಿತು ದಾಳ.
ಟಕ್. ಟಕ್.
ಆಮ್ಯಾಲ ಭಾಳ ಹೊತ್ತು ಏನೂ ಇಲ್ಲ.
"ಎಷ್ಟು ಬಿತ್ರೀ?" ಅಂದ ಹುಡುಗ.

ಮನಿಯಾಗ ಮೊಮ್ಮಗನ ರಂಪ. ಅತ್ತಿ ಏನೂ ಕೇಳಲಿಲ್ಲ.
ಸೀರಿಯ ಮುಂದ ಮೆತ್ತಿದ ಕೆಮ್ಮಣ್ಣು ನೋಡಿದರು, ಬರೇ.
ಉಂಡಾದ ಮ್ಯಾಲ ಹೊಸ್ತಿಲದಾಗ ಕುಂತು
ನಾಕು ಹುಣಸಿಬೀಜದ ಒಂದೊಂದು ಮಗ್ಗಲ
ಕಲ್ಲಿಗೆ ತಿಕ್ಕಿ ತಿಕ್ಕಿ ಬೆಳ್ಳಗ ಮಾಡಿದರು,
ನನ್ನ ಅಂಗೈಗೆ ಹಾಕಿದರು. ಇನ್ನೂ ಬಿಸಿ ಇದ್ದವು.

"ಬರೂ ರವಿವಾರ ಇವನ್ನ ಒಯ್ರಿ.
ಇದರಾಗ ಆರು ಬೀಳೂದಿಲ್ಲ.
ಎಂಟು ಬೀಳತೈತಿ."